ಇಂಗ್ಲೀಷು ಇನ್ನೂ ಬಾರದ ಮಕ್ಕಳೂ ನಮ್ಮ ಹಾಯಸ್ಕೂಲುಗಳೂ

ಶಾಲೆಗಳು ತೆರೆಯುವ ದಿನಗಳು ಬಂದವು. ಈ ದಿನಗಳಲ್ಲಿ ತಾಲೂಕಿನ ಊರುಗಳ ಹಾಯಸ್ಕೂಲುಗಳ ಅಂಗಳದಲ್ಲಿ ವರುಷ ವರುಷವೂ ಒಂದೇ ನೋಟವು ಕಾಣಬರುತ್ತದೆ. ಹಳ್ಳಿಯ ಶಾಲೆಯಲ್ಲಿ ಏಳು ಇಯತ್ತೆಗಳನ್ನು ಕನ್ನಡದಲ್ಲಿ ಓದಿ ಮೇಲಾದ ಅಂಕಗಳನ್ನು ಪಡೆದ ಮಗನನ್ನೋ ಮಗಳನ್ನೋ ಮುಂದೆ ಮಾಡಿಕೊಂಡು ಒಬ್ಬ ತಂದೆಯು ಬರುತ್ತಾನೆ. ‘ಇಂಗ್ಲೀಷ್ ಮೀಡಿಯಮ್ಮಿಗೇ ಹಾಕಿಕೊಳ್ಳಿರಿ ಸರ್’ ಎಂದು ಮುಖ್ಯಾಧ್ಯಾಪಕರ ಮುಂದೆ ಕೈಮುಗಿಯುತ್ತಾನೆ. ಅವನ ಆಸೆಯನ್ನು ನಾವು ಹಳಿಯಲಾರೆವು. ಕಚೇರಿಗಳಲ್ಲಿಯೂ ಕಾರಖಾನೆಗಳಲ್ಲಿಯೂ ಇಂಗ್ಲೀಷು ಬಲ್ಲವನಿಗೆ ದೊರೆಯುವ ಮಾನ್ಯತೆಯನ್ನು ಅವನು ಕಣ್ಣಾರೆ ಕಂಡಿರುತ್ತಾನೆ. ಆದರೆ ದಸರೆಯ ರಜೆಯ ಹೊತ್ತಿಗೆ ಅದೇ ವರ್ಗವನ್ನು ಹೊಕ್ಕು ನೋಡಿರಿ. ಹಳ್ಳಿಯ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತುತ್ತಿದ್ದ ಆ ಹುಡುಗಿಯು ಕಡೆಯ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತಿರುತ್ತಾಳೆ. ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ಮಾಸ್ತರರು ಆಕೆಯ ಹೆಸರಿನ ಮುಂದೆ ‘ಮಂದ’ ಎಂದು ಗುರುತು ಹಾಕಿರುತ್ತಾರೆ. ನಾಲ್ಕು ತಿಂಗಳಲ್ಲಿ ಆಕೆಯ ಬುದ್ಧಿಯು ಎಲ್ಲಿ ಹೋಯಿತು?

ಈ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿ ಯಾರೂ ನೇರವಾಗಿ ಕೇಳಿದಂತಿಲ್ಲ. ಶಿಕ್ಷಣಮಾಧ್ಯಮದ ವಾದವು ಹೊಸದೇನೂ ಅಲ್ಲ. 1994ರಲ್ಲಿ ಕರ್ನಾಟಕ ಸರಕಾರವು ಮೊದಲ ನಾಲ್ಕು ಇಯತ್ತೆಗಳು ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿಯೇ ನಡೆಯತಕ್ಕದ್ದೆಂದು ಆಜ್ಞೆ ಮಾಡಿತು. 2008ರಲ್ಲಿ ಉಚ್ಚ ನ್ಯಾಯಾಲಯವೂ 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವೂ ಅದನ್ನು ಒಪ್ಪದೆ ಹೋದವು. ಮಾಧ್ಯಮದ ಆಯ್ಕೆಯು ಮಗುವಿನ ಪರವಾಗಿ ಪಾಲಕರದೆಂದು ತೀರ್ಪಾಯಿತು. 2019ರಲ್ಲಿ ಸರಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲೀಷು ವರ್ಗಗಳನ್ನು ತೆರೆಯಲು ಹೊರಟಾಗ ಮತ್ತೊಮ್ಮೆ ಸಭೆಗಳೂ ಠರಾವುಗಳೂ ನಡೆದವು. ಆದರೆ ಈ ಗದ್ದಲವೆಲ್ಲವೂ ಒಂದನೆಯ ಇಯತ್ತೆಯ ಬಾಗಿಲಲ್ಲಿ ನಡೆದದ್ದು. ಎಂಟನೆಯ ಇಯತ್ತೆಯಲ್ಲಿಯೋ ಪಿ.ಯು. ತರಗತಿಯಲ್ಲಿಯೋ ಕನ್ನಡದಿಂದ ಇಂಗ್ಲೀಷಿಗೆ ದಾಟುವ ಮಗುವಿನ ಪಾಡನ್ನು ಎರಡು ಪಕ್ಷದವರೂ ಮರೆತರು. ನ್ಯಾಯಾಲಯವು ಮಾಧ್ಯಮವನ್ನು ಆರಿಸುವ ಹಕ್ಕನ್ನು ಕೊಡಬಹುದು, ಬೀಜಗಣಿತವನ್ನು ತಿಳಿಸಿಕೊಡಲಾರದು. ಅದನ್ನು ತಿಳಿಸಿಕೊಡಬೇಕಾದವರು ನಮ್ಮ ಶಿಕ್ಷಕರು, ಮತ್ತು ಈ ಲೇಖನವು ಮುಖ್ಯವಾಗಿ ಅವರ ಸಲುವಾಗಿಯೇ ಇದೆ.

ಈ ಕಷ್ಟವು ದಡ್ಡರಿಗೆ ಮಾತ್ರ ಎಂದು ಯಾರಾದರೂ ಭಾವಿಸಿದ್ದರೆ ಮಹಾತ್ಮಾ ಗಾಂಧಿಯವರ ಮಾತನ್ನು ನೆನೆಯಲಿ. ರಾಜಕೋಟದ ಹಾಯಸ್ಕೂಲಿನಲ್ಲಿ ನಾಲ್ಕನೆಯ ವರ್ಗದಿಂದ ವಿಷಯಗಳೆಲ್ಲವೂ ಇಂಗ್ಲೀಷಿನಲ್ಲಿ ನಡೆಯತೊಡಗಿದಾಗ ತಾವು ದಿಕ್ಕುಗೆಟ್ಟದ್ದನ್ನು ಅವರು ಆತ್ಮಕಥೆಯಲ್ಲಿ ಬಣ್ಣಿಸಿದ್ದಾರೆ. ಭೂಮಿತಿಯು ತಲೆಗೆ ಹೋಗದೆ ಹಿಂದಿನ ವರ್ಗಕ್ಕೆ ಮರಳಲೂ ಯೋಚಿಸಿದ್ದರಂತೆ. ಯೂಕ್ಲಿಡನ ಹದಿಮೂರನೆಯ ಪ್ರಮೇಯವನ್ನು ಮುಟ್ಟಿದಾಗ ಮಾತ್ರ ‘ಇದು ಇಷ್ಟು ಸುಲಭವೇ!’ ಎಂದು ಅವರಿಗೆ ಬೆಳಕು ಕಂಡಿತು. ಗುಜರಾತಿಯಲ್ಲಿ ಕಲಿತಿದ್ದರೆ ಒಂದು ವರುಷದಲ್ಲಿ ಬರಬಹುದಾಗಿದ್ದ ಗಣಿತ, ರಸಾಯನಶಾಸ್ತ್ರ, ಖಗೋಲಶಾಸ್ತ್ರಗಳಿಗೆ ತಮಗೆ ನಾಲ್ಕು ವರುಷಗಳು ಹಿಡಿದವೆಂದು 1938ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಅವರು ಲೆಕ್ಕ ಹೇಳಿದರು. ಭೂಮಿತಿಯು ಮೊದಲಿನಿಂದಲೂ ಸುಲಭವಾಗಿಯೇ ಇತ್ತು. ಅದನ್ನು ಮುಚ್ಚಿದ್ದು ಇಂಗ್ಲೀಷಿನ ಪರದೆಯು. ಹದಿಮೂರನೆಯ ಪ್ರಮೇಯದ ವರೆಗೆ ಗಟ್ಟಿಯಾಗಿ ನಿಂತುಕೊಳ್ಳುವ ಮಗುವು ಒಂದಾದರೆ, ಐದನೆಯದಕ್ಕೇ ಶಾಲೆಯನ್ನು ಬಿಡುವವು ಎಷ್ಟೋ.

ಹೋದ ವರುಷ ನಾವು ಒಂದು ತಾಲೂಕಿನ ಊರಿನ ಹಾಯಸ್ಕೂಲಿಗೆ ಹೋಗಿದ್ದೆವು. ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿಯನ್ನು ನಿಲ್ಲಿಸಿ ‘ಆಸ್ಮೋಸಿಸ್’ ಎಂದರೇನೆಂದು ಅಲ್ಲಿಯ ಶಿಕ್ಷಕರು ಇಂಗ್ಲೀಷಿನಲ್ಲಿ ಕೇಳಿದರು. ಆಕೆಯು ಕಣ್ಣು ಮುಚ್ಚಿ ಒಂದೇ ಉಸಿರಿನಲ್ಲಿ ಪುಸ್ತಕದ ವಾಕ್ಯವನ್ನು ಅಕ್ಷರವೂ ತಪ್ಪದಂತೆ ಒಪ್ಪಿಸಿದಳು. ಶಿಕ್ಷಕರು ಹೆಮ್ಮೆಯಿಂದ ನಮ್ಮ ಕಡೆಗೆ ನೋಡಿದರು. ‘ಹಾಗೆಂದರೆ ಏನಮ್ಮಾ?’ ಎಂದು ನಾವು ಕನ್ನಡದಲ್ಲಿ ಕೇಳಿದೆವು. ಹುಡುಗಿಯು ಸುಮ್ಮನಾದಳು. ಆಗ ನಾವು, ಮನೆಯಲ್ಲಿ ಉಪ್ಪಿನಕಾಯಿಗೆ ಮಾವಿನ ಹೋಳುಗಳನ್ನು ಹೆಚ್ಚಿ ಉಪ್ಪು ಬೆರೆಸಿಟ್ಟರೆ ಮರುದಿನ ಭರಣಿಯಲ್ಲಿ ಏನು ಕಾಣುತ್ತದೆಂದು ಕೇಳಿದೆವು. ‘ನೀರು ಬಿಟ್ಟಿರುತ್ತದೆ’ ಎಂದಳು. ಆ ನೀರು ಎಲ್ಲಿಂದ ಬಂದಿತು? ‘ಹೋಳಿನ ಒಳಗಿನದನ್ನು ಉಪ್ಪು ಎಳೆದುಕೊಂಡಿತು, ಅದಕ್ಕೇ ಹೋಳು ಸುಕ್ಕಾಗುತ್ತದೆ.’ ಮತ್ತು ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಟ್ಟರೆ? ‘ಅದು ಉಬ್ಬುತ್ತದೆ, ಅಲ್ಲಿ ನೀರು ಒಳಗೆ ಹೋಗುತ್ತದೆ.’ ಇಡೀ ವಿಷಯವು ಆಕೆಗೆ ಗೊತ್ತಿತ್ತು. ಅಜ್ಜಿಯ ಅಡಿಗೆಮನೆಯಿಂದಲೇ ತಿಳಿದುಕೊಂಡಿದ್ದಳು. ತನಗೆ ಗೊತ್ತಿದ್ದದ್ದೇ ಆ ಇಂಗ್ಲೀಷು ವಾಕ್ಯದಲ್ಲಿಯೂ ಇದೆಯೆಂಬದನ್ನು ಆಕೆಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ನೀರಿಳಿಯದ ಗಂಟಲಿನಲ್ಲಿ ಕಡುಬನ್ನು ತುರುಕುವದೆಂಬ ನಮ್ಮ ಹಿರಿಯರ ಮಾತು ಇಂಥ ಪಾಠವನ್ನು ಕಂಡೇ ಹುಟ್ಟಿರಬೇಕೆನಿಸಿತು.

ಕಠಿಣ ಶಬ್ದಗಳಿಂದ ಮಕ್ಕಳು ಕೆಡುತ್ತಾರೆಂದು ಬಹುಜನ ಶಿಕ್ಷಕರು ತಿಳಿದಿದ್ದಾರೆ. ಅದು ಅರ್ಧ ಸತ್ಯವು. ‘ಆಸ್ಮೋಸಿಸ್’ ಎಂಬಂಥ ಶಬ್ದವು ಇಂಗ್ಲೀಷು ಮನೆಯ ಮಗುವಿಗೂ ಹೊಸದೇ. ಅದನ್ನು ಎಲ್ಲರೂ ಹೊಸದಾಗಿಯೇ ಕಲಿಯುತ್ತಾರೆ. ಮೋಸ ಮಾಡುವವು ಸಣ್ಣ ಶಬ್ದಗಳು. ‘ಸೊಲ್ಯೂಶನ್’ ಎಂಬದು ಗಣಿತದ ತಾಸಿನಲ್ಲಿ ಉತ್ತರ, ಮುಂದಿನ ರಸಾಯನಶಾಸ್ತ್ರದ ತಾಸಿನಲ್ಲಿ ದ್ರಾವಣ. ‘ವಾಲ್ಯೂಮ್’ ಎಂಬದು ಮನೆಯ ಟೀವಿಯಲ್ಲಿ ಸಪ್ಪಳ, ಶಾಲೆಯಲ್ಲಿ ಘನಫಲ, ಗ್ರಂಥಾಲಯದಲ್ಲಿ ಸಂಪುಟ. ಇನ್ನು ವಾಕ್ಯದ ಜೋಡಣೆಯನ್ನು ನೋಡಿರಿ. ‘12ರಿಂದ 5ನ್ನು ಕಳೆ’ ಎಂದು ಕನ್ನಡದಲ್ಲಿ ಹೇಳಿದರೆ ಹನ್ನೆರಡು ಮೊದಲು ಬರುತ್ತದೆ, ಮಗುವು 12 ಬರೆದು ಅದರ ಮುಂದೆ ಐದನ್ನು ಕಳೆಯುತ್ತದೆ. ‘ಸಬ್‌ಟ್ರಾಕ್ಟ್ ಫೈವ್ ಫ್ರಮ್ ಟ್ವೆಲ್ವ್’ ಎಂದೊಡನೆ ಐದೇ ಮೊದಲು ಕಿವಿಗೆ ಬೀಳುತ್ತದೆ. ಮಗುವು ಐದರಲ್ಲಿ ಹನ್ನೆರಡನ್ನು ಕಳೆಯಹೋಗುತ್ತದೆ. ಇಲ್ಲಿ ಸಂಖ್ಯೆಗಳು ಸಣ್ಣವಾದ್ದರಿಂದ ತಪ್ಪು ತಿಳಿದೀತು. ‘ತ್ರೀ ಲೆಸ್ ದ್ಯಾನ್ ಎಕ್ಸ್’ ಎಂಬಲ್ಲಿ ತಿಳಿಯುವದೇ ಇಲ್ಲ. ಮಗುವು ಮೂರರಲ್ಲಿ ಎಕ್ಸನ್ನು ಕಳೆದು ಬರೆಯುತ್ತದೆ, ಶಿಕ್ಷಕರು ಕೆಂಪು ಗೆರೆಯನ್ನು ಎಳೆಯುತ್ತಾರೆ, ‘ಬೀಜಗಣಿತ ಬರುವದಿಲ್ಲ’ ಎಂದು ಷರಾ ಬೀಳುತ್ತದೆ. ಬಾರದೆ ಇದ್ದದ್ದು ಬೀಜಗಣಿತವಲ್ಲ.

‘ಅನ್‌ಲೆಸ್’, ‘ಹೆನ್ಸ್’, ‘ವಿಚ್’ ಎಂಬವುಗಳ ಕಥೆಯೂ ಇದೇ. ‘ಕಾಯಿಸಿದಾಗ ಕರಗುವ ಪದಾರ್ಥ’ ಎಂದು ನಾವು ವಿಶೇಷಣವನ್ನು ಹೆಸರಿನ ಮುಂದೆ ಇಡುತ್ತೇವೆ. ಇಂಗ್ಲೀಷು ಅದನ್ನು ಹಿಂದಕ್ಕೆ ಬಾಲದಂತೆ ಕಟ್ಟುತ್ತದೆ. ವಿಜ್ಞಾನದ ಪುಸ್ತಕದಲ್ಲಂತೂ ಕೆಲಸ ಮಾಡಿದವನ ಹೆಸರೇ ಇರುವದಿಲ್ಲ. ಎಲ್ಲವೂ ‘ಕಾಯಿಸಲ್ಪಟ್ಟಿತು’, ‘ಸೇರಿಸಲ್ಪಟ್ಟಿತು’. ಇಂಗ್ಲೀಷು ಶಿಕ್ಷಕರು ಇದನ್ನು ವ್ಯಾಕರಣವೆಂದು ಒಂದು ವಾರ ಕಲಿಸಿ ಮುಗಿಸುತ್ತಾರೆ. ವಿಜ್ಞಾನ ಶಿಕ್ಷಕರು ಇದು ತಮ್ಮ ಕೆಲಸವಲ್ಲವೆನ್ನುತ್ತಾರೆ. ಇಬ್ಬರ ನಡುವೆ ಮಗುವು ಅನಾಥವಾಗುತ್ತದೆ. ತನ್ನ ಶಾಸ್ತ್ರದ ಇಂಗ್ಲೀಷನ್ನು ಆಯಾ ಶಾಸ್ತ್ರದ ಶಿಕ್ಷಕನೇ ಕಲಿಸಬೇಕೆಂಬದು ನಮ್ಮ ದೃಢವಾದ ಅಭಿಪ್ರಾಯವು. ಅದನ್ನು ಬೇರೆ ಯಾರೂ ಕಲಿಸಲಾರರು.

‘ಎರಡು ವರುಷ ಕಿವಿಗೆ ಬಿದ್ದರೆ ತಾನೇ ಬರುತ್ತದೆ’ ಎಂದು ಹೇಳುವವರುಂಟು. ಕೆನಡಾ ದೇಶದ ವಿದ್ವಾಂಸರಾದ ಜಿಮ್ ಕಮಿನ್ಸರು ಪರದೇಶಗಳಿಂದ ಅಲ್ಲಿಗೆ ಬಂದ ಮಕ್ಕಳ ವಿಷಯವಾಗಿ ಸುಮಾರು 1980ರಲ್ಲಿ ಶೋಧನೆ ಮಾಡಿ ಹೇಳಿದ್ದೇನೆಂದರೆ: ಆಟದ ಬಯಲಿನ ಇಂಗ್ಲೀಷು ಎರಡು ವರುಷಗಳಲ್ಲಿ ಬರುತ್ತದೆ, ಪಾಠದ ಇಂಗ್ಲೀಷಿಗೆ ಐದರಿಂದ ಏಳು ವರುಷಗಳು ಬೇಕು. ಅದೂ ಬೀದಿಯಲ್ಲಿ, ಅಂಗಡಿಯಲ್ಲಿ, ಗೆಳೆಯರ ಬಾಯಲ್ಲಿ ಹಗಲೆಲ್ಲ ಇಂಗ್ಲೀಷನ್ನೇ ಕೇಳುವ ಮಕ್ಕಳ ಲೆಕ್ಕವು. ನಮ್ಮ ಮಕ್ಕಳು ಶಾಲೆಯ ಗಂಟೆ ಬಾರಿಸಿದೊಡನೆ ಕನ್ನಡದ ಲೋಕಕ್ಕೆ ಮರಳುವವರು. ಅವರಿಗೆ ಎಂಟನೆಯ ಇಯತ್ತೆಯಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯ ವರೆಗೆ ಸಿಗುವದು ಮೂರೇ ವರುಷ. ಇಂಗ್ಲೀಷು ಪೂರ್ತಿಯಾಗಿ ಬಂದ ಮೇಲೆ ಶಾಸ್ತ್ರವನ್ನು ಕಲಿಯೋಣವೆಂದರೆ ಪರೀಕ್ಷೆಯು ಕಾಯುವದಿಲ್ಲ. ಶಾಸ್ತ್ರವನ್ನು ಬದಿಗಿಟ್ಟು ಇಂಗ್ಲೀಷು ಕಲಿಯೋಣವೆಂದರೆ ಬುದ್ಧಿಯು ಬೆಳೆಯುವ ವಯಸ್ಸು ಕಳೆದುಹೋಗುತ್ತದೆ. ಎರಡನ್ನೂ ಕೂಡಿಯೇ ಕಲಿಸಬೇಕು, ಮತ್ತು ಆ ಕೆಲಸಕ್ಕೆ ಕನ್ನಡವನ್ನು ಬಹಿರಂಗವಾಗಿ, ನಾಚಿಕೆಯಿಲ್ಲದೆ ಬಳಸಬೇಕು.

‘ಬಹಿರಂಗವಾಗಿ’ ಎಂದು ನಾವು ಬೇಕೆಂದೇ ಹೇಳಿದೆವು. ಯಾತಕ್ಕೆಂದರೆ ಗುಟ್ಟಾಗಿ ಈಗಲೂ ಬಳಸಲಾಗುತ್ತಿದೆ. ಇಂಗ್ಲೀಷು ವರ್ಗಗಳ ಎಷ್ಟೋ ಶಿಕ್ಷಕರು ಬಾಗಿಲು ಮುಚ್ಚಿ ಕನ್ನಡದಲ್ಲಿ ಹೇಳುತ್ತಾರೆ. ಅಧಿಕಾರಿಗಳ ಹೆಜ್ಜೆಯ ಸಪ್ಪಳ ಕೇಳಿದೊಡನೆ ಇಂಗ್ಲೀಷಿಗೆ ಹಾರುತ್ತಾರೆ. ಇದು ಕಳ್ಳ ವ್ಯಾಪಾರದಂತಾಗಿದೆ. ಕದ್ದು ಮಾಡಿದ ಕೆಲಸದಲ್ಲಿ ಕ್ರಮವಿರುವದಿಲ್ಲ. ಪುಸ್ತಕದ ಒಂದು ವಾಕ್ಯವನ್ನು ಓದುವದು, ಅದನ್ನು ಕನ್ನಡಕ್ಕೆ ತಿರುಗಿಸುವದು, ಮತ್ತೊಂದನ್ನು ಓದುವದು—ಹೀಗೆ ತಾಸು ಮುಗಿಯುತ್ತದೆ. ಮಗುವು ಕನ್ನಡದ ಮಾತನ್ನು ಕೇಳಿ ಇಂಗ್ಲೀಷಿಗೆ ಕಿವಿ ಮುಚ್ಚಿಕೊಳ್ಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಇಂಗ್ಲೀಷು ಉತ್ತರಗಳನ್ನು ಉರು ಹೊಡೆಯುತ್ತದೆ. ಶಾಸ್ತ್ರವೂ ಹೋಯಿತು, ಇಂಗ್ಲೀಷೂ ಬರಲಿಲ್ಲ.

ಕ್ರಮವಾಗಿ ಮಾಡಿದರೆ ಹೇಗಿದ್ದೀತು? ಆಮ್ಲ, ಪ್ರತ್ಯಾಮ್ಲಗಳ ಪಾಠವನ್ನೇ ತೆಗೆದುಕೊಳ್ಳೋಣ. ಶಿಕ್ಷಕನು ಪುಸ್ತಕವನ್ನು ಮುಚ್ಚಿಟ್ಟು, ಆರತಿಯ ತಟ್ಟೆಯ ನೀರು ಕೆಂಪಾಗುವದು ಹೇಗೆಂದು ಮೊದಲು ಕನ್ನಡದಲ್ಲಿ ಕೇಳಲಿ. ಅರಿಸಿನಕ್ಕೆ ಸುಣ್ಣವನ್ನು ಬೆರೆಸುತ್ತಾರೆಂದು ಹೇಳದ ಹುಡುಗಿಯು ಕನ್ನಡನಾಡಿನಲ್ಲಿ ಸಿಕ್ಕಲಾರಳು. ಒಂದು ಲೋಟದಲ್ಲಿ ಅದನ್ನು ಮಾಡಿ ತೋರಿಸಲಿ. ಆ ಮೇಲೆ ಒಂದು ಲಿಂಬೆಯ ಹಣ್ಣನ್ನು ಹಿಂಡಲಿ. ಕೆಂಪು ಹೋಗಿ ಹಳದಿಯು ಮರಳುತ್ತದೆ. ಯಾಕೆ? ಮಕ್ಕಳು ತಮ್ಮ ತಮ್ಮಲ್ಲಿ ಕನ್ನಡದಲ್ಲಿ ಚರ್ಚಿಸಲಿ, ತಪ್ಪಲಿ, ಜಗಳವಾಡಲಿ. ಸುಣ್ಣದ ಗುಣ ಬೇರೆ, ಲಿಂಬೆಯ ಗುಣ ಬೇರೆ, ಒಂದು ಮತ್ತೊಂದನ್ನು ಅಳಿಸುತ್ತದೆಂಬ ತಿಳಿವಳಿಕೆಯು ಅವರ ಬಾಯಿಂದಲೇ ಬಂದ ಮೇಲೆ ಶಿಕ್ಷಕನು ಖಡುವನ್ನು ಹಿಡಿಯಲಿ. ಲಿಂಬೆಯಂಥದ್ದು ‘ಆ್ಯಸಿಡ್’, ಸುಣ್ಣದಂಥದ್ದು ‘ಬೇಸ್’, ಗುರುತು ಹೇಳುವ ಅರಿಸಿನವು ‘ಇಂಡಿಕೇಟರ್’. ಹಲಗೆಯ ಮೇಲೆ ಇಂಗ್ಲೀಷು ಶಬ್ದ, ಅದರ ಪಕ್ಕದಲ್ಲಿ ಕನ್ನಡ ಶಬ್ದ. ಭೂಮಿತಿಯಲ್ಲಿ ‘ಬೇಸ್’ ಎಂದರೆ ತ್ರಿಕೋಣದ ಪಾದ, ಇಲ್ಲಿ ಹಾಗಲ್ಲವೆಂಬ ಎಚ್ಚರಿಕೆಯನ್ನೂ ಕೊಡಲಿ. ಬಳಿಕ ‘ಟರ್ಮರಿಕ್ ಟರ್ನ್ಸ್ ರೆಡ್ ಇನ್ ಎ ಬೇಸ್’ ಎಂಬ ಒಂದೇ ವಾಕ್ಯವನ್ನು ಬರೆದು ಎಲ್ಲರಿಂದಲೂ ಗಟ್ಟಿಯಾಗಿ ಹೇಳಿಸಲಿ. ಅದೇ ಅಚ್ಚಿನಲ್ಲಿ ಸೋಡಾ, ಸಾಬೂನು, ಹುಣಿಸೆಯ ರಸಗಳ ವಿಷಯವಾಗಿ ಮಕ್ಕಳೇ ವಾಕ್ಯಗಳನ್ನು ಮಾಡಲಿ. ಆಗ ಮಾತ್ರ ಪುಸ್ತಕವನ್ನು ತೆರೆಯಲಿ. ಅರ್ಥವಾದದ್ದನ್ನೇ ಅಲ್ಲಿ ಓದುವದರಿಂದ ಆ ಪುಟವು ಕಬ್ಬಿಣದ ಕಡಲೆಯಾಗಿ ಉಳಿಯುವದಿಲ್ಲ. ಮಾರನೆಯ ದಿನ ಹಿಂದಿನ ಬೆಂಚಿನವರಿಂದ ಎರಡು ಸಾಲು ಇಂಗ್ಲೀಷಿನಲ್ಲಿ ಬರೆಯಿಸಲಿ; ಚಿತ್ರವನ್ನು ಬರೆದು ಹೆಸರುಗಳನ್ನು ಗುರುತಿಸಿದರೂ ಸಾಕು. ತಿಂಗಳು ಕಳೆದಂತೆ ಕನ್ನಡದ ಪಾಲು ಕಡಮೆಯಾಗುತ್ತ ಇಂಗ್ಲೀಷಿನ ಪಾಲು ಹೆಚ್ಚಲಿ. ಎಂಟನೆಯ ಇಯತ್ತೆಯ ಜೂನಿನಲ್ಲಿದ್ದಷ್ಟು ಕನ್ನಡವು ಹತ್ತನೆಯದರ ಜನವರಿಯಲ್ಲಿ ಬೇಕಾಗಲಾರದು.

ಕೇವಲ ಇಂಗ್ಲೀಷಿನಲ್ಲಿಯೇ ಮುಳುಗಿಸಿದರೆ ಈಜು ಬರುತ್ತದೆಂಬ ಪ್ರಯೋಗವನ್ನು ಬೇರೆ ನಾಡುಗಳು ಮಾಡಿ ನೋಡಿವೆ. ಹಾಂಗ್‌ಕಾಂಗಿನಲ್ಲಿ ಚೀನೀ ಭಾಷೆಯ ಪ್ರಾಥಮಿಕ ಶಾಲೆಗಳಿಂದ ಇಂಗ್ಲೀಷು ಹಾಯಸ್ಕೂಲಿಗೆ ಬಂದ ಮಕ್ಕಳನ್ನು ಪಂಡಿತರು ವರುಷಗಟ್ಟಲೆ ಅಳೆದು 2000ದಲ್ಲಿ ಪ್ರಕಟಿಸಿದ ಫಲವೇನೆಂದರೆ, ಇಂಗ್ಲೀಷಿನಲ್ಲಿ ಅಲ್ಪ ಲಾಭ. ಇತಿಹಾಸ, ಭೂಗೋಲ, ವಿಜ್ಞಾನಗಳಲ್ಲಿ ದೊಡ್ಡ ನಷ್ಟ. ಮಲೇಶಿಯಾ ಸರಕಾರವು 2003ರಲ್ಲಿ ಗಣಿತ ವಿಜ್ಞಾನಗಳನ್ನು ಇಂಗ್ಲೀಷಿಗೆ ಒಯ್ದು, 2009ರಲ್ಲಿ ಕೈಬಿಡಲು ನಿಶ್ಚಯಿಸಿ, 2012ರಿಂದ ಹಿಂದಕ್ಕೆ ತಂದಿತು. ನಾವು ಅಷ್ಟು ದೂರ ಹೋಗಿ ಕಲಿಯಬೇಕಾಗಿಯೂ ಇಲ್ಲ. ನಿಜಾಮನ ಆಳಿಕೆಯಲ್ಲಿ ಕಲಬುರ್ಗಿ, ರಾಯಚೂರು, ಬೀದರಗಳ ಕನ್ನಡ ಮಕ್ಕಳು ಹಾಯಸ್ಕೂಲಿನ ವಿಷಯಗಳನ್ನು ಉರ್ದುವಿನಲ್ಲಿ ಕಲಿಯಬೇಕಾಗಿತ್ತು. ಭಾಷೆಯು ಬಾರದೆ ಬುದ್ಧಿವಂತರು ಹಿಂದೆ ಬೀಳುವದೆಂದರೇನೆಂದು ಆ ಸೀಮೆಯ ಹಿರಿಯ ತಲೆಮಾರು ಚೆನ್ನಾಗಿ ಬಲ್ಲುದು. 1956ರಲ್ಲಿ ನಾಡು ಒಂದಾದ ಮೇಲೆ ಆ ಗೋಡೆಯು ಮತ್ತೊಂದು ಹೆಸರಿನಿಂದ ಏಳಬಾರದು.

ಇಲ್ಲಿ ನಮ್ಮ ಪಕ್ಷದ ದೋಷವನ್ನೂ ಒಪ್ಪಿಕೊಳ್ಳಬೇಕು. ಕನ್ನಡದಲ್ಲಿ ಹೇಳಿದ ಮಾತ್ರಕ್ಕೆ ತಿಳಿಯುವದೆಂಬ ಭ್ರಾಂತಿಯು ಕನ್ನಡಾಭಿಮಾನಿಗಳಲ್ಲಿದೆ. ಎಲೆಗಳು ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುವದಕ್ಕೆ ‘ದ್ಯುತಿಸಂಶ್ಲೇಷಣೆ’ ಎಂದು ಹೆಸರಿಟ್ಟು, ಇದು ತಾಯ್ನುಡಿಯೆಂದು ಹಳ್ಳಿಯ ಹುಡುಗನ ಕೈಗೆ ಕೊಟ್ಟರೆ ಅವನು ಬೆರಗಾಗಿ ನೋಡಬೇಕಷ್ಟೆ. ಅವನಿಗೆ ಅದೂ ಒಂದು ಇಂಗ್ಲೀಷೇ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನು ಬರೆದರು, ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರವನ್ನು ನಗಿಸುತ್ತ ಹೇಳಿದ ‘ಹಸುರು ಹೊನ್ನು’ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನೇ ಪಡೆಯಿತು. ಇಂಥ ಕನ್ನಡವು ನಮ್ಮಲ್ಲಿರುವಾಗ ಪಠ್ಯಪುಸ್ತಕದವರು ಬೇರೆ ಕನ್ನಡವನ್ನು ಯಾಕೆ ಹುಡುಕುತ್ತಾರೋ ತಿಳಿಯದು. ಮತ್ತೊಂದು ಮಾತು. ತುಳು, ಕೊಂಕಣಿ, ಉರ್ದು, ಲಂಬಾಣಿ ಮಾತಾಡುವ ಮನೆಗಳಿಂದ ಬರುವ ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆಯು. ಕನ್ನಡದ ಮಗುವಿಗಾಗಿ ನಾವು ಬೇಡುವ ತಾಳ್ಮೆಯನ್ನು ಆ ಮಕ್ಕಳಿಗೂ ತೋರಿಸಬೇಕು.

ಶಿಕ್ಷಕರ ಮೇಲೆಯೇ ಹೊರೆಯನ್ನೆಲ್ಲ ಹೊರಿಸುವದು ಅನ್ಯಾಯವಾದೀತು. ಅವರಲ್ಲಿ ಬಹುಜನರು ತಾವೇ ಕನ್ನಡದಲ್ಲಿ ಓದಿ ಬಂದವರು. ಇಂಗ್ಲೀಷು ವರ್ಗಕ್ಕೆ ಹೋಗೆಂದು ಒಂದು ಕಾಗದದಿಂದ ಅಪ್ಪಣೆಯಾಗಿರುತ್ತದೆ. ಶಿಕ್ಷಣ ಇಲಾಖೆಯು ಅವರ ಕೈಗೆ ಎರಡು ಭಾಷೆಗಳ ಪುಸ್ತಕವನ್ನು ಕೊಡಬೇಕು—ಎಡ ಪುಟದಲ್ಲಿ ಇಂಗ್ಲೀಷು, ಬಲ ಪುಟದಲ್ಲಿ ಅದೇ ಪಾಠವು ತಿಳಿಗನ್ನಡದಲ್ಲಿ. ಇದು ಆಗದ ಕೆಲಸವಲ್ಲ. ನೆರೆಯ ಆಂಧ್ರಪ್ರದೇಶವು 2020ರ ಈಚೆಗೆ ಸರಕಾರೀ ಶಾಲೆಗಳನ್ನು ಇಂಗ್ಲೀಷಿಗೆ ತಿರುಗಿಸುವಾಗ ತೆಲುಗು ಇಂಗ್ಲೀಷುಗಳನ್ನು ಎದುರುಬದುರು ಅಚ್ಚು ಹಾಕಿದ ಪುಸ್ತಕಗಳನ್ನು ಹಂಚಿತು. ಎರಡನೆಯದಾಗಿ ಪರೀಕ್ಷೆ. ವಿಜ್ಞಾನದ ಉತ್ತರಪತ್ರಿಕೆಯಲ್ಲಿ ವಿಜ್ಞಾನಕ್ಕೆ ಅಂಕ ಕೊಡಬೇಕು. ಕ್ರಿಯಾಪದವು ತಪ್ಪಿತೆಂದು ಅಂಕ ಕಳೆಯುವದು ಯಾವ ನ್ಯಾಯ? ಎಂಟು, ಒಂಬತ್ತನೆಯ ಇಯತ್ತೆಗಳ ಪರೀಕ್ಷೆಗಳು ಶಾಲೆಯ ಕೈಯಲ್ಲಿವೆ. ಅಲ್ಲಿ ಅರ್ಧ ವಾಕ್ಯ ಇಂಗ್ಲೀಷು, ಅರ್ಧ ಕನ್ನಡವಾಗಿ ಬರೆದರೂ ವಿಷಯವು ಸರಿಯಿದ್ದರೆ ಪೂರ್ಣ ಅಂಕಗಳನ್ನು ಕೊಡಲು ಮುಖ್ಯಾಧ್ಯಾಪಕರು ಈ ವರುಷದಿಂದಲೇ ಧೈರ್ಯ ಮಾಡಬಹುದು.

ಪಿ.ಯು. ಕಾಲೇಜುಗಳ ಉಪನ್ಯಾಸಕರಿಗೂ ನಾವು ಎರಡು ಮಾತು ಹೇಳಬೇಕಾಗಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು, ವಿಜ್ಞಾನವನ್ನು ಓದುವ ಆಸೆಯಿಂದ ಬಂದ ಮಗುವಿನ ಮುಂದೆ ಮೊದಲ ದಿನದಿಂದಲೇ ಪಾಠವೂ ಪುಸ್ತಕವೂ ಬಹುಮಟ್ಟಿಗೆ ಇಂಗ್ಲೀಷಿನಲ್ಲಿರುತ್ತವೆ. ಹತ್ತು ವರುಷ ಕಲಿತ ‘ವೇಗೋತ್ಕರ್ಷ’, ‘ದ್ರವ್ಯರಾಶಿ’, ‘ಪರಮಾಣು’ಗಳು ಒಂದೇ ಬೇಸಗೆಯಲ್ಲಿ ಬೇರೆ ಹೆಸರು ತಳೆದು ಬಂದು ನಿಲ್ಲುತ್ತವೆ, ಹಳೆಯ ಪರಿಚಯದವರನ್ನೇ ಮಗುವು ಗುರುತಿಸಲಾರದು. ಆ ವರ್ಗದ ಮೊದಲ ನಾಲ್ಕು ವಾರಗಳನ್ನು ಹೊಸ ಪಾಠಕ್ಕೆ ತೊಡಗದೆ, ಹತ್ತನೆಯ ಇಯತ್ತೆಯ ವಿಜ್ಞಾನ ಗಣಿತಗಳನ್ನೇ ಇಂಗ್ಲೀಷಿನ ಉಡುಪಿನಲ್ಲಿ ಮತ್ತೊಮ್ಮೆ ತೋರಿಸುವದಕ್ಕೆ ಬಳಸಿದರೆ ಪಠ್ಯಕ್ರಮವೇನೂ ಮುಳುಗಲಾರದು. 2017ರಿಂದ ವೈದ್ಯಕೀಯ ಪ್ರವೇಶದ ‘ನೀಟ್’ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಾಗಿದೆ; ಅದಕ್ಕೆ ಸಿದ್ಧಮಾಡುವ ತರಗತಿಯಲ್ಲಿ ಮಾತ್ರ ಕನ್ನಡದ ಒಂದು ಮಾತಾಡಲೂ ಸಂಕೋಚಪಡುವ ನಮ್ಮ ಠೀವಿಗೆ ಏನೆನ್ನಬೇಕು!

ನಾವು ಇಂಗ್ಲೀಷಿನ ವೈರಿಗಳಲ್ಲ. ಆ ಬಡ ತಂದೆಯು ಬೇಡಿಬಂದ ಇಂಗ್ಲೀಷು ಅವನ ಮಗಳಿಗೆ ನಿಜವಾಗಿ ದಕ್ಕಲಿ, ಅದರ ಜೊತೆಗೆ ಗಣಿತವೂ ವಿಜ್ಞಾನವೂ ದಕ್ಕಲಿ ಎಂದೇ ಇಷ್ಟು ಬರೆದೆವು. ಈ ಜೂನಿನಲ್ಲಿ ಎಂಟನೆಯ ಇಯತ್ತೆಯ ಒಂದು ವರ್ಗದಲ್ಲಾದರೂ ಈ ರೀತಿಯಿಂದ ಪಾಠ ಮಾಡಿ ನೋಡುವ ಶಿಕ್ಷಕರು, ದಸರೆಯ ಹೊತ್ತಿಗೆ ತಮ್ಮ ಅನುಭವವನ್ನು—ಅದು ನಮ್ಮ ಮಾತಿಗೆ ವಿರುದ್ಧವಾಗಿದ್ದರೂ ಸರಿ—ನಮಗೆ ಬರೆದು ಕಳಿಸಬೇಕೆಂದು ಕೋರುತ್ತೇವೆ. ಯಾವ ಪಾಠದಲ್ಲಿ ಯಾವ ಶಬ್ದವು ತೊಡಕಾಯಿತು, ಹಿಂದಿನ ಬೆಂಚಿನಿಂದ ಯಾರು ಮೊದಲು ಕೈಯೆತ್ತಿದರು ಎಂಬಂಥ ಸಣ್ಣ ಸಂಗತಿಗಳೇ ನಮಗೆ ಬೇಕು. ಅಂಥ ಪತ್ರಗಳಿಗಾಗಿ ಈ ಪತ್ರಿಕೆಯಲ್ಲಿ ಸ್ಥಳವನ್ನು ಕಾದಿರಿಸಿದ್ದೇವೆ.